ಚಿಕಿತ್ಸೆಯಾದ ಮೇಲೆ ಸ್ಪೈಡರ್ ವೇನ್‌ಗಳು ಮರಳಿ ಬರುತ್ತವೆಯೇ, ಹೊಸವು ಹುಟ್ಟುತ್ತವೆಯೇ?

ನಿಂತು ಪಾಠ ಮಾಡುವವಳು

ಎರಡೂ ಕಾಲುಗಳ ಮೇಲೆ ಹರಡಿಕೊಂಡಿದ್ದ ಸ್ಪೈಡರ್ ವೇನ್‌ಗಳಿಗೆ (ಚರ್ಮದಲ್ಲಿ ಜೇಡರ ಬಲೆಯಂತೆ ಕಾಣುವ ಸಣ್ಣ ರಕ್ತನಾಳಗಳಿಗೆ) ನಾನು 14 ತಿಂಗಳ ಹಿಂದೆ ಸ್ಕ್ಲೆರೋಥೆರಪಿ, ಅಂದರೆ ನಾಳದೊಳಕ್ಕೆ ಔಷಧಿ ಚುಚ್ಚಿ ಅದನ್ನು ಮುಚ್ಚಿಸುವ ಚಿಕಿತ್ಸೆ, ಮಾಡಿಸಿಕೊಂಡೆ. ಆರಾರು ವಾರಗಳ ಅಂತರದಲ್ಲಿ ಮೂರು ಸಲ ಹೋಗಿ ಬಂದೆ. ಮೊದಲ ಎರಡು ತಿಂಗಳು ಕಾಲುಗಳು ಚಿಕಿತ್ಸೆಗೆ ಮುಂಚೆ ಇದ್ದುದಕ್ಕಿಂತ ಕೆಟ್ಟದಾಗಿ ಕಾಣುತ್ತಿದ್ದವು: ಚುಚ್ಚಿದಲ್ಲೆಲ್ಲ ಕಂದು ಗೆರೆ, ಅಲ್ಲಲ್ಲಿ ಹಸಿರುಗಟ್ಟಿದ ಪೆಟ್ಟಿನ ಗುರುತು. ಹೇಳಿದಷ್ಟು ದಿನ ಬಿಗಿ ಕಾಲುಚೀಲ ಹಾಕಿಕೊಂಡು ಕಾದೆ. ಆರನೆಯ ತಿಂಗಳ ಹೊತ್ತಿಗೆ ಚರ್ಮ ತಿಳಿಯಾಯಿತು, ನಾನೂ ಕಾಲಿನ ಕಡೆ ನೋಡಿಕೊಳ್ಳುವುದನ್ನು ಮರೆತೆ.

ಕಳೆದ ತಿಂಗಳು ಸ್ನಾನ ಮಾಡಿ ಕಾಲು ಒರೆಸಿಕೊಳ್ಳುತ್ತಿರುವಾಗ ಬಲತೊಡೆಯ ಹೊರಬದಿಯಲ್ಲಿ ನೇರಳೆ ಬಣ್ಣದ ಗೆರೆಗಳ ಗೊಂಚಲೊಂದು ಕಣ್ಣಿಗೆ ಬಿತ್ತು. ಅನುಮಾನ ಬಂದು ಹುಡುಕಿದಾಗ ಎಡ ಮಂಡಿಯ ಒಳಬದಿಯಲ್ಲೂ ಒಂದು ಸಿಕ್ಕಿತು. ಚಿಕಿತ್ಸೆಗೆ ಮುಂಚೆ ಅಲ್ಲಿನವರು "ಒಮ್ಮೆ ಮುಚ್ಚಿದ ನಾಳ ಮತ್ತೆ ತೆರೆಯುವುದಿಲ್ಲ" ಎಂದು ಖಚಿತವಾಗಿ ಹೇಳಿದ್ದರು. ಈಗ ಫೋನು ಮಾಡಿ ಕೇಳಿದರೆ "ಅವು ಹಳೆಯವಲ್ಲ, ಹೊಸವು" ಎಂಬ ಉತ್ತರ ಬಂತು. ನನ್ನ ಕಾಲನ್ನು ನೋಡದೆಯೇ ಅದನ್ನು ಅವರು ಹೇಗೆ ಹೇಳಿದರೋ ತಿಳಿಯದು. ಗೆರೆ ಕಾಣದಿರಲಿ ಎಂದು ಚಿಕಿತ್ಸೆ ಮಾಡಿಸಿಕೊಂಡವಳಿಗೆ ಹಳೆಯದು, ಹೊಸದು ಎಂಬ ಈ ವ್ಯತ್ಯಾಸ ಮಾತಿನ ಚಮತ್ಕಾರದಂತೆ ಕೇಳಿಸುತ್ತದೆ.

ದಿನಕ್ಕೆ ಐದಾರು ಗಂಟೆ ನಿಂತೇ ಕೆಲಸ ಮಾಡುವವಳು ನಾನು. ನನ್ನ ತಾಯಿಗೂ ಕಾಲಿನಲ್ಲಿ ಉಬ್ಬಿದ ನಾಳಗಳಿವೆ. ಇವು ನಿಜವಾಗಿ ಮರಳಿ ಬರುವಂಥವೇ? ಬರುವುದಾದರೆ ಇನ್ನೊಮ್ಮೆ ಚುಚ್ಚಿಸಿಕೊಳ್ಳುವುದರಲ್ಲಿ ಅರ್ಥವಿದೆಯೇ?

ಹಳೆಯ ನರ್ಸ್

ನಾನು ರಕ್ತನಾಳಗಳ ಚಿಕಿತ್ಸಾಲಯವೊಂದರಲ್ಲಿ ಹನ್ನೊಂದು ವರ್ಷ ಇದೇ ಚಿಕಿತ್ಸೆಗೆ ಸಹಾಯಕಿಯಾಗಿದ್ದು ಈಗ ನಿವೃತ್ತಳಾಗಿದ್ದೇನೆ. ತಮ್ಮ ಪ್ರಶ್ನೆಯನ್ನು ಅಲ್ಲಿ ವಾರಕ್ಕೊಮ್ಮೆಯಾದರೂ ಕೇಳಿಸಿಕೊಂಡಿದ್ದೇನೆ, ತಮಗೆ ಸಿಕ್ಕ ಉತ್ತರವನ್ನೇ ನಾವೂ ಹೇಳುತ್ತಿದ್ದೆವು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಉತ್ತರ ಸುಳ್ಳಲ್ಲ, ಆದರೆ ಅರ್ಧ ಉತ್ತರ.

ಚುಚ್ಚುವ ಔಷಧಿ, ಹೆಚ್ಚಾಗಿ ಪಾಲಿಡೋಕನಾಲ್ ಅಥವಾ ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್, ಸಾಬೂನಿನ ಗುಣದ್ದು. ನಾಳದ ಒಳಗೋಡೆಗೆ ಹೊದಿಸಿದಂತಿರುವ ತೆಳುವಾದ ಜೀವಕೋಶಗಳ ಪದರವನ್ನು ಅದು ಹಾಳುಮಾಡುತ್ತದೆ. ಪದರ ಹೋದ ಮೇಲೆ ಗೋಡೆಗಳು ಒಂದಕ್ಕೊಂದು ಅಂಟಿಕೊಂಡು, ನಾಳ ನಾರಿನ ಎಳೆಯಂತಾಗಿ, ವಾರಗಳು ಕಳೆದಂತೆ ದೇಹವೇ ಅದನ್ನು ಕರಗಿಸಿಕೊಳ್ಳುತ್ತದೆ. ಹೀಗೆ ಪೂರ್ತಿಯಾಗಿ ಸತ್ತ ನಾಳ ಎದ್ದು ಬರುವುದಿಲ್ಲ ಎಂಬುದು ನಿಜ. ಪ್ರಶ್ನೆಯಿರುವುದು ಅದು ಪೂರ್ತಿಯಾಗಿ ಸತ್ತಿತ್ತೇ ಎಂಬುದರಲ್ಲಿ.

ಚುಚ್ಚುವಾಗ ಹತ್ತಿರದಿಂದ ನೋಡಿದವರಿಗೆ ಇದು ಅರ್ಥವಾಗುತ್ತದೆ. 0.3 ಮಿ.ಮೀ. ದಪ್ಪದ ಸೂಜಿ ನಾಳದೊಳಗೆ ಕೂತ ಕ್ಷಣ ಔಷಧಿಯು ರಕ್ತವನ್ನು ಮುಂದೆ ತಳ್ಳಿಕೊಂಡು ಹೋಗುತ್ತದೆ, ಇಡೀ ಗೊಂಚಲು ಕಣ್ಣೆದುರೇ ಬಿಳಿಚಿಕೊಂಡು ಮಾಯವಾಗುತ್ತದೆ. ಕನ್ನಡಿ ಹಿಡಿದು ನೋಡುತ್ತಿದ್ದ ರೋಗಿಗಳು ಆಗ "ಹೋಯಿತು!" ಎಂದು ಸಂತೋಷಪಡುತ್ತಿದ್ದರು. ಕೆಲವೇ ಸೆಕೆಂಡುಗಳಲ್ಲಿ ರಕ್ತ ತಿರುಗಿ ತುಂಬಿಕೊಂಡು, ಸುತ್ತ ಸೊಳ್ಳೆ ಕಚ್ಚಿದಂಥ ದದ್ದು ಏಳುತ್ತದೆ. ಔಷಧಿ ಆ ಸ್ವಲ್ಪ ಸಮಯದಲ್ಲಿ ಗೋಡೆಗೆ ಎಷ್ಟು ತಗುಲಿತು ಎಂಬುದರ ಮೇಲೆ ಫಲಿತಾಂಶ ನಿಂತಿದೆ. ಔಷಧಿ ತೆಳುವಾಗಿದ್ದರೆ, ಅಥವಾ ಹಿಂದಿನಿಂದ ರಕ್ತ ಜೋರಾಗಿ ಬಂದು ಅದನ್ನು ತೊಳೆದುಕೊಂಡು ಹೋದರೆ, ನಾಳ ಅರೆಜೀವವಾಗಿ ಉಳಿಯುತ್ತದೆ, ಒಳಗೆ ಹೆಪ್ಪುಗಟ್ಟಿದ ರಕ್ತ ಕರಗಿದ ಮೇಲೆ ದಾರಿ ಮತ್ತೆ ತೆರೆಯುತ್ತದೆ. ಇದು ಮರಳಿ ಬಂದದ್ದಲ್ಲ, ಹೋಗಿಯೇ ಇರಲಿಲ್ಲ. ಸಾಮಾನ್ಯವಾಗಿ ವಾರಗಳಲ್ಲಿ ಅಥವಾ ಮೊದಲ ಕೆಲವು ತಿಂಗಳಲ್ಲಿ, ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಕಾಣಿಸಿಕೊಳ್ಳುತ್ತದೆ.

ಇನ್ನೊಂದು ಬಗೆ, ಚುಚ್ಚಿದ ಜಾಗದ ಸುತ್ತಲೇ ಕೂದಲೆಳೆಗಿಂತ ತೆಳುವಾದ ಕೆಂಪು ನಾಳಗಳು ಕೆನ್ನೆ ಕೆಂಪೇರಿದ ಹಾಗೆ ಹರಡಿಕೊಳ್ಳುವುದು. ಇದನ್ನು ನಾವು ಮ್ಯಾಟಿಂಗ್ ಎನ್ನುತ್ತಿದ್ದೆವು. ಚಿಗುರು ಚಿವುಟಿದ ಗಿಡ ಕವಲೊಡೆಯುವಂತೆ, ಮುಚ್ಚಿದ ನಾಳದ ಬದಲಿಗೆ ದೇಹ ಹೊಸ ಕವಲುಗಳನ್ನು ಬಿಡುತ್ತದೆ. ಬಹಳಷ್ಟು ಸಲ 3ರಿಂದ 12 ತಿಂಗಳಲ್ಲಿ ತಾನಾಗಿಯೇ ಮಾಸುತ್ತದೆ, ಕೆಲವರಲ್ಲಿ ಉಳಿದೂಬಿಡುತ್ತದೆ.

ಕೊನೆಯದು, ಚಿಕಿತ್ಸೆಯ ಸಂಬಂಧವೇ ಇಲ್ಲದೆ ಬೇರೆ ಜಾಗದಲ್ಲಿ ಹೊಸದಾಗಿ ಹುಟ್ಟುವುದು. ತಮ್ಮ ಚಿಕಿತ್ಸಾಲಯದವರು ಇದನ್ನೇ ಹೇಳಿದ್ದಾರೆ, ನೋಡದೆ ಹೇಳಿದ್ದು ಮಾತ್ರ ತಪ್ಪು. ತಮ್ಮ ಬಳಿ ಚಿಕಿತ್ಸೆಗೆ ಮುಂಚಿನ ಚಿತ್ರಗಳಿವೆಯೇ? ಇಲ್ಲದಿದ್ದರೆ ಅವರ ಕಡತದಿಂದ ಕೇಳಿ ಪಡೆಯಿರಿ.

ಲೆಕ್ಕ ಕೇಳುವವನು

ನರ್ಸ್ ಅವರ ವಿವರಣೆ ಚೆನ್ನಾಗಿದೆ, ಆದರೆ ಚಿಕಿತ್ಸೆ ಕೊಡುವವರಿಗೆ ಇದೆಷ್ಟು ಅನುಕೂಲಕರವಾದ ವಿಂಗಡಣೆ ಎಂಬುದನ್ನೂ ಗಮನಿಸಬೇಕು. ಹೋದರೆ ಚಿಕಿತ್ಸೆಯ ಯಶಸ್ಸು, ಬಂದರೆ ರೋಗಿಯ ದೇಹದ ಗುಣ. ಮನೆಯ ಸೋರುವ ಛಾವಣಿಗೆ ತೇಪೆ ಹಾಕಿದ ಕೆಲಸಗಾರ ಮುಂದಿನ ಮಳೆಗಾಲದಲ್ಲಿ "ಇದು ಹೊಸ ತೂತು" ಎಂದರೆ ನಾವು ಒಪ್ಪುತ್ತೇವೆಯೇ? ಒಂದೆರಡು ಅಂಕಿಗಳನ್ನು ಯಾರಾದರೂ ಮುಂದಿಟ್ಟರೆ ಚರ್ಚೆ ನೆಲದ ಮೇಲೆ ನಿಲ್ಲುತ್ತದೆ.

ಚರ್ಮವೈದ್ಯೆ

ಛಾವಣಿಯ ಹೋಲಿಕೆಗೆ ನಕ್ಕೆ, ಆದರೆ ಅದು ಒಂದು ಕಡೆ ತಪ್ಪುತ್ತದೆ: ಛಾವಣಿ ತಾನಾಗಿ ಹೊಸ ಹಂಚುಗಳನ್ನು ಬೆಳೆಸುವುದಿಲ್ಲ, ಚರ್ಮ ನಾಳಗಳನ್ನು ಬೆಳೆಸುತ್ತದೆ. ಕಾಲನ್ನು ಕಣ್ಣಾರೆ ನೋಡದೆ ನಾನು ಯಾರಿಗೂ ರೋಗನಿರ್ಣಯ ಹೇಳುವುದಿಲ್ಲ. ಸಾಮಾನ್ಯ ಸಂಗತಿಗಳನ್ನು ಹೇಳಬಲ್ಲೆ.

ಮೊದಲು ಅಳತೆ. 1 ಮಿ.ಮೀ.ಗಿಂತ ಕಡಿಮೆ ಅಗಲದ, ಚರ್ಮದೊಳಗೇ ಇರುವ ಕೆಂಪು ಅಥವಾ ನೇರಳೆ ಗೆರೆಗಳು ಸ್ಪೈಡರ್ ವೇನ್‌ಗಳು. ಅವುಗಳ ಕೆಳಗೆ 1ರಿಂದ 3 ಮಿ.ಮೀ. ಅಗಲದ ನೀಲಿ ಹಸಿರು ಬಣ್ಣದ ರೆಟಿಕ್ಯುಲರ್ ನಾಳಗಳಿರುತ್ತವೆ. ನಿಂತಾಗ 3 ಮಿ.ಮೀ. ಅಥವಾ ಅದಕ್ಕಿಂತ ಅಗಲವಾಗಿ ಉಬ್ಬುವವು ವೆರಿಕೋಸ್ ವೇನ್‌ಗಳು. ಈ ಮೂರೂ ಬೇರೆ ಬೇರೆ ಊರಿನವಲ್ಲ; ದೊಡ್ಡದರ ಒತ್ತಡ ಚಿಕ್ಕದಕ್ಕೆ ಇಳಿಯಬಹುದು. ನಿಶ್ಚಲವಾಗಿ ನಿಂತಿರುವ ವ್ಯಕ್ತಿಯ ಕಣಕಾಲಿನ ಅಭಿಧಮನಿಯಲ್ಲಿ ಪಾದರಸದ ಅಳತೆಯಲ್ಲಿ ಸುಮಾರು 90 ಮಿ.ಮೀ. ಒತ್ತಡವಿರುತ್ತದೆ. ನಡೆಯತೊಡಗಿದರೆ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಹಿಂಡುವುದರಿಂದ, ರಕ್ತ ಕೆಳಗೆ ಜಾರದಂತೆ ತಡೆಯುವ ನಾಳದೊಳಗಿನ ಕವಾಟಗಳು ಸರಿಯಿದ್ದರೆ, ಅದು 30ರ ಆಸುಪಾಸಿಗೆ ಇಳಿಯುತ್ತದೆ. ಕವಾಟ ಸಡಿಲವಾದವರಲ್ಲಿ ಮೇಲೆ ಹೋದ ರಕ್ತ ಕೆಳಗೆ ಜಾರುತ್ತದೆ, ಒತ್ತಡ ಇಳಿಯುವುದಿಲ್ಲ. ಅಂಥ ಕಾಲಿನಲ್ಲಿ ಮೇಲಿನ ಗೆರೆಗಳನ್ನು ಎಷ್ಟು ಮುಚ್ಚಿದರೂ ಬೇರು ಉಳಿಸಿ ಎಲೆ ತರಿದಂತೆ.

ಅಂಕಿ ಕೇಳಿದ್ದೀರಿ. ಒಂದು ಸರದಿಯಲ್ಲಿ ಚುಚ್ಚಿದ ನಾಳಗಳಲ್ಲಿ ಸಾಮಾನ್ಯವಾಗಿ ಅರ್ಧದಿಂದ ಶೇಕಡಾ 80ರವರೆಗೆ ಮಾಯವಾಗುತ್ತವೆ, ಆದ್ದರಿಂದಲೇ ಎರಡು ಮೂರು ಸರದಿ ಬೇಕಾಗುತ್ತವೆ. ಸ್ಪೈಡರ್ ವೇನ್‌ಗಳ ಫಲಿತಾಂಶ ಕಾಣಲು 3ರಿಂದ 6 ವಾರ, ದೊಡ್ಡವಕ್ಕೆ 3ರಿಂದ 4 ತಿಂಗಳು ಹಿಡಿಯುತ್ತದೆ. ವೈದ್ಯಕೀಯ ಪ್ರಯೋಗಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2021ರ ಸಮೀಕ್ಷೆ ಲಭ್ಯವಿದ್ದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸುಮ್ಮನೆ ನೀರಿನಂಥದ್ದನ್ನು ಚುಚ್ಚಿದ್ದಕ್ಕಿಂತ ಈ ಔಷಧಿಗಳು ನಾಳಗಳನ್ನು ಹೆಚ್ಚು ಹೋಗಲಾಡಿಸುತ್ತವೆ, ಜೊತೆಗೆ ಕಂದು ಕಲೆ ಮತ್ತು ಮ್ಯಾಟಿಂಗನ್ನೂ ಹೆಚ್ಚಾಗಿಯೇ ಉಂಟುಮಾಡುತ್ತವೆ ಎಂದು ಕಂಡಿತು. ಆದರೆ ಇಂಥ ಪ್ರಯೋಗಗಳು ಹೆಚ್ಚಾಗಿ ರೋಗಿಗಳನ್ನು ಕೆಲವೇ ತಿಂಗಳು ಹಿಂಬಾಲಿಸುತ್ತವೆ. "ಐದು ವರ್ಷದಲ್ಲಿ ಶೇಕಡಾ ಇಷ್ಟು ಮರಳುತ್ತವೆ" ಎಂದು ಒಂದೇ ಅಂಕಿಯನ್ನು ಯಾರಾದರೂ ಕೊಟ್ಟರೆ, ಲೆಕ್ಕ ಕೇಳುವವರು ಅದನ್ನೇ ಮೊದಲು ಅನುಮಾನಿಸಬೇಕು.

ಹೊಸವು ಹುಟ್ಟುವ ಬಗ್ಗೆ ಮಾತ್ರ ಗಟ್ಟಿ ಆಧಾರವಿದೆ. ಎಡಿನ್‌ಬರ್ಗ್‌ನಲ್ಲಿ 18ರಿಂದ 64 ವರ್ಷದ 1,566 ಜನರ ಕಾಲುಗಳನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಡಸರು ಹೆಂಗಸರೆನ್ನದೆ ಶೇಕಡಾ 80ಕ್ಕೂ ಹೆಚ್ಚು ಜನರಲ್ಲಿ ಇಂಥ ಸಣ್ಣ ನಾಳಗಳು ಕಂಡವು. ಉಬ್ಬಿದ ನಾಳಗಳ ಅನುವಂಶೀಯತೆಯ ಬಗ್ಗೆ ಫ್ರಾನ್ಸಿನಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತಂದೆ ತಾಯಿ ಇಬ್ಬರಿಗೂ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಶೇಕಡಾ 90, ಒಬ್ಬರಿಗೆ ಮಾತ್ರ ಇದ್ದರೆ ಹೆಣ್ಣುಮಕ್ಕಳಿಗೆ 62, ಗಂಡುಮಕ್ಕಳಿಗೆ 25, ಇಬ್ಬರಿಗೂ ಇಲ್ಲದಿದ್ದರೂ 20. ಸೂಜಿಯಿಂದ ಒಂದು ನಾಳವನ್ನು ಮುಚ್ಚಬಹುದು, ಆ ನಾಳವನ್ನು ಹುಟ್ಟಿಸಿದ ಪ್ರವೃತ್ತಿಯನ್ನು ಮುಚ್ಚಲಾಗದು. ವಯಸ್ಸು, ಬಸಿರು, ಈಸ್ಟ್ರೋಜನ್ ಇರುವ ಮಾತ್ರೆಗಳು, ತೂಕ, ದೀರ್ಘಕಾಲ ನಿಲ್ಲುವುದು, ಇವೆಲ್ಲ ಅದೇ ಪ್ರವೃತ್ತಿಗೆ ನೀರೆರೆಯುತ್ತವೆ.

ಪ್ರಶ್ನೆ ಕೇಳಿದವರಿಗೆ ಒಂದು ಮಾತು: ತೊಡೆಯ ಹೊರಬದಿಯ ಗೊಂಚಲುಗಳ ಅಡಿಯಲ್ಲಿ ಬಹಳಷ್ಟು ಸಲ ಒಂದು ರೆಟಿಕ್ಯುಲರ್ ನಾಳ ಹರಿದು ಅವುಗಳಿಗೆ ರಕ್ತ ಊಡಿಸುತ್ತಿರುತ್ತದೆ. ಮಂಡಿಯ ಒಳಬದಿಯ ಗೊಂಚಲಿನ ವಿಷಯ ಬೇರೆ. ಅದು ಕಾಲಿನ ಒಳಬದಿಯುದ್ದಕ್ಕೂ ಮೇಲೇರುವ ದೊಡ್ಡ ಸಫೀನಸ್ ನಾಳದ ದಾರಿ. ಚಿಕಿತ್ಸೆಗೆ ಮುಂಚೆ ನಿಲ್ಲಿಸಿ ಡಾಪ್ಲರ್ ಸ್ಕ್ಯಾನ್, ಅಂದರೆ ನಾಳದಲ್ಲಿ ರಕ್ತ ಯಾವ ಕಡೆ ಹರಿಯುತ್ತಿದೆ ಎಂದು ತೋರಿಸುವ ಅಲ್ಟ್ರಾಸೌಂಡ್ ಪರೀಕ್ಷೆ, ಮಾಡಿದ್ದರೇ?

ಕೆಂಪು ಮೂಗಿನವನು

ನನ್ನದು ಕಾಲಿನ ವಿಷಯವಲ್ಲ, ಮೂಗಿನ ಎರಡೂ ಪಕ್ಕದಲ್ಲಿ ಮತ್ತು ಕೆನ್ನೆಯ ಮೇಲೆ ಇರುವ ಕೆಂಪು ಗೆರೆಗಳದು. ಲೇಸರ್ ಮಾಡಿಸಿದೆ. ರಬ್ಬರ್ ಬ್ಯಾಂಡಿನಿಂದ ಚಿಟಿಲ್ಲನೆ ಹೊಡೆದಂತೆ ಆಗುತ್ತದೆ, ಗೆರೆ ಒಂದು ಕ್ಷಣ ಬೂದುಬಣ್ಣಕ್ಕೆ ತಿರುಗಿ ಮಾಯವಾಗುತ್ತದೆ. ಒಂದೂವರೆ ವರ್ಷದಲ್ಲಿ ಮೂಗಿನ ಪಕ್ಕದವು ತಿರುಗಿ ಬಂದವು, ಕೆನ್ನೆಯವು ಬರಲಿಲ್ಲ. ಇಲ್ಲಿ ಕವಾಟ, ಒತ್ತಡ ಎಂದೆಲ್ಲ ಹೇಳುತ್ತಿದ್ದೀರಿ. ಮುಖದಲ್ಲಿ ನಿಂತ ರಕ್ತದ ಭಾರವೇ ಇಲ್ಲವಲ್ಲ, ಹಾಗಾದರೆ ಅವು ಏಕೆ ಬಂದವು?

ಚರ್ಮವೈದ್ಯೆ

ಮುಖದ ನಾಳಗಳಿಗೂ ಕಾಲಿನ ನಾಳಗಳಿಗೂ ಹೆಸರು ಒಂದೇ, ಕಾರಣ ಬೇರೆ. ಮುಖದಲ್ಲಿ ಬಿಸಿಲಿನಿಂದ ಸವೆದ ಚರ್ಮ, ರೋಸೇಶಿಯಾ (ಮುಖ ಕೆಂಪೇರುವ ಒಂದು ಚರ್ಮರೋಗ), ಬಹುಕಾಲ ಹಚ್ಚಿದ ಸ್ಟಿರಾಯ್ಡ್ ಮುಲಾಮು ಇವು ಮುಖ್ಯ ಕಾರಣಗಳು. ರೋಸೇಶಿಯಾ ಇರುವವರಲ್ಲಿ ಮುಖ ಪದೇಪದೇ ಕೆಂಪೇರುವುದು ನಿಲ್ಲದಿದ್ದರೆ ನಾಳಗಳು ಮತ್ತೆ ಹಿಗ್ಗುತ್ತವೆ, ಆಗ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಲೇಸರ್ ಮಾಡಿಸಿಕೊಳ್ಳುವವರಿದ್ದಾರೆ. ಮೂಗಿನ ಪಕ್ಕದವು ಹಟಮಾರಿಗಳೆಂಬುದು ನಮ್ಮೆಲ್ಲರ ಅನುಭವ. ಸನ್‌ಸ್ಕ್ರೀನ್ ನಿತ್ಯ ಹಚ್ಚುವುದು ನೀವು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ. ಮುಖಕ್ಕೆ 532 ಅಥವಾ 595 ನ್ಯಾನೋಮೀಟರಿನ ಲೇಸರ್ ಸಾಮಾನ್ಯ; ಕಾಲಿಗೆ ಹೆಚ್ಚು ಆಳಕ್ಕಿಳಿಯುವ 1064 ನ್ಯಾನೋಮೀಟರಿನದು, ಅದನ್ನು ಚರ್ಮದ ಕಪ್ಪು ವರ್ಣಕ ಕಡಿಮೆ ಹೀರುವುದರಿಂದ ಗಾಢ ಬಣ್ಣದ ಚರ್ಮಕ್ಕೂ ಅದೇ ಸುರಕ್ಷಿತ. ಲೇಸರ್ ಆದರೆ ಮರಳುವುದಿಲ್ಲ, ಚುಚ್ಚಿದರೆ ಮರಳುತ್ತದೆ ಎಂಬ ಜಾಹೀರಾತಿನ ಮಾತನ್ನು ನಂಬಬೇಡಿ.

ಮುಖದಲ್ಲೋ ಎದೆಯ ಮೇಲೋ ನಡುವೆ ಕೆಂಪು ಚುಕ್ಕೆಯಿದ್ದು ಸುತ್ತ ಕಾಲುಗಳು ಚಾಚಿದಂತಿರುವ ಗುರುತು ಕಂಡರೆ, ನಡುವೆ ಒತ್ತಿ ನೋಡಿ. ಒತ್ತಿದಾಗ ಬಿಳಿಚಿ, ಬಿಟ್ಟಾಗ ನಡುವಿನಿಂದ ಹೊರಕ್ಕೆ ರಕ್ತ ತುಂಬಿದರೆ ಅದು ಸ್ಪೈಡರ್ ಆಂಜಿಯೋಮಾ, ಸಣ್ಣ ಅಪಧಮನಿಯಿಂದ ಹುಟ್ಟಿದ್ದು. ಒಂದೆರಡು ಇದ್ದರೆ ಚಿಂತೆಯಿಲ್ಲ. ವಯಸ್ಕರಲ್ಲಿ ಇದ್ದಕ್ಕಿದ್ದಂತೆ ಹಲವು ಕಾಣಿಸಿಕೊಂಡರೆ, ಅದರಲ್ಲೂ ಬಸಿರಿಲ್ಲದಿರುವಾಗ, ಯಕೃತ್ತಿನ ಪರೀಕ್ಷೆ ಮಾಡಿಸಬೇಕು.

ಎರಡು ಮಕ್ಕಳ ತಾಯಿ

ಮೊದಲ ಹೆರಿಗೆಯಾಗಿ ನಾಲ್ಕೇ ತಿಂಗಳಿಗೆ ಅವಸರಪಟ್ಟು ಚಿಕಿತ್ಸೆಗೆ ಹೋದವಳು ನಾನು. ಅಲ್ಲಿನ ವೈದ್ಯರು ಕಾಲು ನೋಡಿ, "ಇನ್ನೂ ಆರು ತಿಂಗಳು ಬಿಟ್ಟು ಬನ್ನಿ, ಇವುಗಳಲ್ಲಿ ಎಷ್ಟೋ ತಾವಾಗಿಯೇ ಹೋಗುತ್ತವೆ" ಎಂದು ವಾಪಸು ಕಳಿಸಿದಾಗ ಬೇಸರವಾಗಿತ್ತು. ಮಗುವಿಗೆ ಒಂದು ವರ್ಷವಾಗುವ ಹೊತ್ತಿಗೆ ಮುಕ್ಕಾಲು ಪಾಲು ಮಾಸಿದ್ದವು. ಉಳಿದವನ್ನು ಚುಚ್ಚಿಸಿಕೊಂಡೆ, ಸಂಪೂರ್ಣ ಹೋದವು. ಎರಡನೆಯ ಬಸಿರಿನ ಐದನೆಯ ತಿಂಗಳಿಗೆ ಎಡಗಾಲಿನ ಮೇಲೆ ಹೊಸದೊಂದು ಪರಿವಾರವೇ ಬಂದು ನೆಲೆಸಿತು. ಇನ್ನೊಂದು ಮಗು ಬೇಕೆಂದು ಮನಸ್ಸಿನಲ್ಲಿರುವವರು, ನೋವು ಊತ ಇಲ್ಲದಿದ್ದರೆ, ಕಾಯುವುದೇ ಮೇಲು ಎಂದು ನನ್ನ ಅಭಿಪ್ರಾಯ. ಬಸಿರಿನಲ್ಲಿ ಈ ಚುಚ್ಚುಮದ್ದನ್ನು ಹೇಗೂ ಕೊಡುವುದಿಲ್ಲ.

ನಿಂತು ಪಾಠ ಮಾಡುವವಳು

ಎಲ್ಲರಿಗೂ ಧನ್ಯವಾದಗಳು. ಚರ್ಮವೈದ್ಯೆಯವರ ಪ್ರಶ್ನೆಗೆ ಮೊದಲು ಉತ್ತರ: ಇಲ್ಲ, ಸ್ಕ್ಯಾನ್ ಮಾಡಿರಲಿಲ್ಲ. ಟೇಬಲ್ಲಿನ ಮೇಲೆ ಮಲಗಿಸಿ, ದೀಪ ಹಿಡಿದು ನೋಡಿ, ಅಂದೇ ಚುಚ್ಚಿದ್ದರು.

ನರ್ಸ್ ಅವರು ಹೇಳಿದಂತೆ ಹಳೆಯ ಚಿತ್ರಗಳನ್ನು ಕೇಳಿ ಪಡೆದೆ. ಮೊಬೈಲಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಬೆಳಕೂ ಬೇರೆ, ಕೋನವೂ ಬೇರೆ, ಏನೂ ತಿಳಿಯಲಿಲ್ಲ. ಹಿಂದೆ ಪ್ರೊಜೆಕ್ಟರಿನಲ್ಲಿ ಪಾಠ ತೋರಿಸಲು ಬಳಸುತ್ತಿದ್ದ ಪಾರದರ್ಶಕ ಹಾಳೆಗಳ ಕಟ್ಟೊಂದು ಕಪಾಟಿನಲ್ಲಿ ಉಳಿದಿತ್ತು. ಬಲತೊಡೆಯ ಮೇಲೆ ನನಗೆ ಎರಡು ಮಚ್ಚೆಗಳಿವೆ. ಹಾಳೆಯನ್ನು ತೊಡೆಗೆ ಸುತ್ತಿ, ಮಚ್ಚೆಗಳನ್ನು ಕಪ್ಪು ಶಾಯಿಯಲ್ಲೂ ಈಗಿನ ನಾಳಗಳನ್ನು ಕೆಂಪು ಶಾಯಿಯಲ್ಲೂ ಗುರುತಿಸಿಕೊಂಡೆ. ಆಮೇಲೆ ಹಳೆಯ ಚಿತ್ರವನ್ನು, ಎರಡು ಮಚ್ಚೆಗಳ ನಡುವಿನ ಅಂತರ ಹಾಳೆಯ ಮೇಲಿನ ಅಂತರಕ್ಕೆ ಸರಿಹೋಗುವವರೆಗೆ ಲ್ಯಾಪ್‌ಟಾಪ್ ಪರದೆಯ ಮೇಲೆ ದೊಡ್ಡದು ಮಾಡಿ, ಹಾಳೆಯನ್ನು ಅದರ ಮೇಲೆ ಇಟ್ಟೆ.

ಬಲತೊಡೆಯಲ್ಲಿ ಹಳೆಯ ಗೊಂಚಲು ಕೆಳಗಿನ ಮಚ್ಚೆಗೆ ತಾಗಿಕೊಂಡಿತ್ತು. ಈಗ ಅಲ್ಲಿ ಏನೂ ಇಲ್ಲ, ಸ್ವಚ್ಛ ಚರ್ಮ. ಈಗಿನದು ಮೇಲಿನ ಮಚ್ಚೆಗಿಂತ ನಾಲ್ಕು ಬೆರಳು ಮೇಲಿದೆ. ಫೋನಿನಲ್ಲಿ ಅವರು ಹೇಳಿದ್ದು ಈ ಕಾಲಿನ ಮಟ್ಟಿಗೆ ಸರಿಯೇ ಎಂದು ಒಪ್ಪಬೇಕಾಯಿತು. ಒಪ್ಪಲು ಮನಸ್ಸಿರಲಿಲ್ಲ ಎಂಬುದನ್ನೂ ಹೇಳುತ್ತೇನೆ.

ಎಡ ಮಂಡಿಯ ಒಳಬದಿಯ ಕತೆ ಬೇರೆ. ಅಲ್ಲಿ ಮಚ್ಚೆಯಿಲ್ಲ, ಚಿಕ್ಕಂದಿನಲ್ಲಿ ಬಿದ್ದ ಗಾಯದ ಕಲೆಯೊಂದಿದೆ. ಆ ಕಲೆಯಿಂದ ಒಂದು ಬೆರಳಿನಷ್ಟು ಕೆಳಗೆ ಗೆರೆ ಎರಡಾಗಿ ಕವಲೊಡೆದು, ಎಡಗವಲು ಕೊಕ್ಕೆಯಂತೆ ಬಾಗಿದೆ. ಹಳೆಯ ಚಿತ್ರದಲ್ಲೂ ಅದೇ ಕವಲು, ಅದೇ ಕೊಕ್ಕೆ. ಗೆರೆಯ ಮೇಲೆ ಗೆರೆ ಕೂತಿತು.

ಲೆಕ್ಕ ಕೇಳುವವನು

ಚರ್ಚೆಯ ಹದಿನೈದು ಅಭಿಪ್ರಾಯಗಳಿಗಿಂತ ಈ ಹಾಳೆ ಹೆಚ್ಚು ಹೇಳಿತು. ಬಲಗಾಲಿನ ಮಟ್ಟಿಗೆ ನನ್ನ ಛಾವಣಿಯ ವಾದವನ್ನು ಹಿಂತೆಗೆದುಕೊಳ್ಳುತ್ತೇನೆ, ಎಡಗಾಲಿನ ಮಟ್ಟಿಗೆ ಇಟ್ಟುಕೊಳ್ಳುತ್ತೇನೆ.

ಹಳೆಯ ನರ್ಸ್

ಹನ್ನೊಂದು ವರ್ಷದಲ್ಲಿ ನಮಗೆ ಯಾರಿಗೂ ಇದು ಹೊಳೆಯಲಿಲ್ಲವಲ್ಲ ಎಂದು ನಗು ಬಂತು. ನಾವು ಚಿತ್ರ ತೆಗೆಯುವಾಗ ನೆಲದ ಮೇಲೆ ಪಾದದ ಗುರುತು ಅಂಟಿಸಿ, ರೋಗಿಯನ್ನು ಅದೇ ಗುರುತಿನ ಮೇಲೆ ನಿಲ್ಲಿಸುತ್ತಿದ್ದೆವು, ಅಷ್ಟೇ. ಇನ್ನು ಮುಂದೆ ಹಾಳೆಯಲ್ಲಿ ಗುರುತಿಸುವಾಗ ನಿಂತೇ, ಬೆಳಗಿನ ಹೊತ್ತು, ಬಿಸಿನೀರಿನ ಸ್ನಾನಕ್ಕೆ ಮುಂಚೆ ಗುರುತಿಸಿ. ಬಿಸಿನೀರಿಗೆ ನಾಳಗಳು ಹಿಗ್ಗಿ, ಇಲ್ಲದ್ದೂ ಇದ್ದಂತೆ ಕಾಣುತ್ತವೆ.

ಎಡ ಮಂಡಿಯದು ಮುಚ್ಚಿಯೇ ಇರಲಿಲ್ಲ, ಅಥವಾ ಮುಚ್ಚಿ ಒತ್ತಡಕ್ಕೆ ತೆರೆದುಕೊಂಡಿದೆ. ಯಾವುದಾದರೂ ಸರಿ, ಚುಚ್ಚಿದ ಔಷಧಿಯ ಸಾಂದ್ರತೆ ಎಷ್ಟಿತ್ತು ಎಂದು ಕಡತದಲ್ಲಿ ನೋಡಿಸಿ. ಪಾಲಿಡೋಕನಾಲ್ ಆಗಿದ್ದರೆ ಸ್ಪೈಡರ್ ವೇನ್‌ಗೆ ಸಾಮಾನ್ಯವಾಗಿ ಶೇಕಡಾ 0.5, ರೆಟಿಕ್ಯುಲರ್ ನಾಳಕ್ಕೆ ಶೇಕಡಾ 1. ಹೆಚ್ಚು ಸಾಂದ್ರವಾದದ್ದೇ ಒಳ್ಳೆಯದೆಂದು ಮಾತ್ರ ತಿಳಿಯಬೇಡಿ: ಸಣ್ಣ ನಾಳಕ್ಕೆ ಖಾರವಾದ ಔಷಧಿ ಹಾಕಿದರೆ ಕಂದು ಕಲೆ, ಮ್ಯಾಟಿಂಗ್, ಕೆಲವೊಮ್ಮೆ ಹುಣ್ಣು ಕೂಡ ಆಗುತ್ತದೆ. ಇನ್ನೊಂದು ವಿಷಯ, ಚುಚ್ಚಿದ ಎರಡು ಮೂರು ವಾರಕ್ಕೆ ನಾಳದೊಳಗೆ ಗಟ್ಟಿ ರಕ್ತ ಸಿಕ್ಕಿಕೊಂಡು ಕಪ್ಪು ದಾರದಂತೆ ಕಂಡರೆ ಅದನ್ನು ಸೂಜಿಮೊನೆಯಿಂದ ಚುಚ್ಚಿ ಹಿಂಡಿ ತೆಗೆಯುತ್ತಾರೆ. ತೆಗೆಯದಿದ್ದರೆ ರಕ್ತದ ಕಬ್ಬಿಣಾಂಶ ಚರ್ಮಕ್ಕಿಳಿದು ಕಂದು ಗೆರೆಯಾಗಿ ತಿಂಗಳುಗಟ್ಟಲೆ ಉಳಿಯುತ್ತದೆ, ಜನ ಅದನ್ನು ನೋಡಿ ನಾಳವೇ ಮರಳಿತೆಂದು ಗಾಬರಿಯಾಗುತ್ತಾರೆ. ಬೆರಳಿನಿಂದ ಒತ್ತಿ ನೋಡಿ: ರಕ್ತ ಹರಿಯುವ ನಾಳ ಒತ್ತಿದಾಗ ಮಾಯವಾಗುತ್ತದೆ, ಕಲೆ ಹಾಗೆಯೇ ಇರುತ್ತದೆ.

ಲೆಕ್ಕ ಕೇಳುವವನು

ಹಾಗಾದರೆ ಹೊಸವು ಹುಟ್ಟದಂತೆ ತಡೆಯಲು ಬಿಗಿ ಕಾಲುಚೀಲ, ಮುಲಾಮು, ಕಾಲಿನ ಮೇಲೆ ಕಾಲು ಹಾಕಿ ಕೂರಬಾರದು ಎಂಬ ಉಪದೇಶ, ಇವುಗಳಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ?

ಚರ್ಮವೈದ್ಯೆ

ಮುಲಾಮಿನಿಂದ ನಾಳ ಅಳಿಯುವುದಿಲ್ಲ. ಕಾಲಿನ ಮೇಲೆ ಕಾಲು ಹಾಕುವುದರಿಂದ ಸ್ಪೈಡರ್ ವೇನ್ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ, ಆರಾಮವಾಗಿ ಕುಳಿತುಕೊಳ್ಳಿ. 20ರಿಂದ 30 ಮಿ.ಮೀ. ಒತ್ತಡದ ಕಾಲುಚೀಲವನ್ನು ಚಿಕಿತ್ಸೆಯಾದ ಮೇಲೆ ಕೆಲವು ದಿನಗಳಿಂದ ಮೂರು ವಾರದವರೆಗೆ ಹಾಕಿಸುತ್ತೇವೆ. ನಿಂತು ಕೆಲಸ ಮಾಡುವವರಿಗೆ ಸಂಜೆಯ ಕಾಲುಸೆಳೆತ, ಊತ ಅದರಿಂದ ಕಡಿಮೆಯಾಗುತ್ತದೆ. ಅದನ್ನು ಹಾಕಿಕೊಂಡರೆ ಹೊಸ ಗೆರೆಗಳೇ ಹುಟ್ಟುವುದಿಲ್ಲ ಎಂದು ಮಾತು ಕೊಡಲಾರೆ. ನಡಿಗೆ, ತೂಕದ ಮೇಲೆ ಹಿಡಿತ, ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದು, ಇವು ಮೀನಖಂಡವನ್ನು ದುಡಿಸುತ್ತವೆ. ತಡೆಯುವುದಕ್ಕಿಂತ ನಿಧಾನಿಸುವುದು ಎಂದರೆ ಸರಿಯಾದೀತು.

ನಾಚಿಕೆಯಿಂದ ಜನ ಮುಚ್ಚಿಟ್ಟುಕೊಳ್ಳುವ ಒಂದು ಗುರುತಿನ ಬಗ್ಗೆ ಹೇಳಿಬಿಡುತ್ತೇನೆ. ಕಣಕಾಲಿನ ಒಳಬದಿಯಲ್ಲಿ ಬೀಸಣಿಗೆಯಂತೆ ಸಣ್ಣ ನೀಲಿ ನಾಳಗಳು ಹರಡಿಕೊಂಡಿದ್ದರೆ, ಅದನ್ನು ಸೌಂದರ್ಯದ ಸಮಸ್ಯೆಯೆಂದು ತಿಳಿದು ಚುಚ್ಚಿಸಿಕೊಳ್ಳಲು ಹೋಗಬೇಡಿ. ಕಾಲಿನ ಅಭಿಧಮನಿ ರೋಗಗಳ 2020ರ ಪರಿಷ್ಕೃತ ವರ್ಗೀಕರಣದಲ್ಲಿ ಅದನ್ನು ಚರ್ಮ ಗಟ್ಟಿಯಾಗುವುದು, ಕಪ್ಪಾಗುವುದು ಇವುಗಳ ಸಾಲಿನಲ್ಲಿಟ್ಟಿದ್ದಾರೆ, ಮುಂದೆ ಹುಣ್ಣಾಗುವ ಅಪಾಯವಿದೆಯೆಂಬ ಕಾರಣಕ್ಕೆ. ಹಾಗೆಯೇ ಚಿಕಿತ್ಸೆಯ ನಂತರದ ದಿನಗಳಲ್ಲಿ ಒಂದೇ ಕಾಲು ಊದಿಕೊಂಡು ನೋಯತೊಡಗಿದರೆ ಅಂದೇ ವೈದ್ಯರನ್ನು ಕಾಣಿ, ಉಸಿರು ಕಟ್ಟಿದಂತಾದರೆ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಿ. ಅಪರೂಪ, ಆದರೂ ಆಗುವಂಥದ್ದು.

ನಿಂತು ಪಾಠ ಮಾಡುವವಳು

ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ. ಬೇರೆ ಕಡೆ ಹೋಗಿ, ನಿಂತ ಭಂಗಿಯಲ್ಲಿ ಡಾಪ್ಲರ್ ಸ್ಕ್ಯಾನ್ ಮಾಡಿಸಿದೆ. ತಾಂತ್ರಿಕರು ತಣ್ಣಗಿನ ಜೆಲ್ ಹಚ್ಚಿ, ನನ್ನ ಮೀನಖಂಡವನ್ನು ಕೈಯಿಂದ ಹಿಂಡಿ ಬಿಡುತ್ತಿದ್ದರು. ಹಿಂಡಿದಾಗ ರಕ್ತ ಮೇಲೇರುವ ಸದ್ದು ಜೋರಾಗಿ ಕೇಳುತ್ತಿತ್ತು. ಬಲಗಾಲಿನಲ್ಲಿ ಬಿಟ್ಟ ಕೂಡಲೇ ಸದ್ದು ನಿಂತಿತು. ಎಡಗಾಲಿನಲ್ಲಿ ಬಿಟ್ಟ ಮೇಲೂ ಬುಸ್ ಎಂದು ಇನ್ನೊಂದು ಸದ್ದು ಎಳೆಯುತ್ತ ಹೋಯಿತು. ಅದು ರಕ್ತ ಕೆಳಕ್ಕೆ ಜಾರುವ ಸದ್ದಂತೆ. ಅರ್ಧ ಸೆಕೆಂಡು ಮೀರಿದರೆ ಕವಾಟ ಸಡಿಲವೆಂದು ಲೆಕ್ಕ. ನನ್ನದು ಒಂದೂವರೆ ಸೆಕೆಂಡು, ಮಂಡಿಯ ಸುತ್ತಲಿನ ಸಫೀನಸ್ ನಾಳದಲ್ಲಿ.

ಬಲತೊಡೆಯಲ್ಲಿ ದೊಡ್ಡ ನಾಳಗಳೆಲ್ಲ ಸರಿಯಿವೆ. ಕೋಣೆ ಕತ್ತಲು ಮಾಡಿ ಚರ್ಮಕ್ಕೆ ದೀಪ ಒತ್ತಿ ಹಿಡಿದಾಗ ಹೊಸ ಗೊಂಚಲಿನ ಅಡಿಯಲ್ಲಿ ಕಪ್ಪು ದಾರದಂತೆ ರೆಟಿಕ್ಯುಲರ್ ನಾಳವೊಂದು ಕಂಡಿತು, ಚರ್ಮವೈದ್ಯೆಯವರು ಹೇಳಿದಂತೆಯೇ. ಅದಕ್ಕೂ ಗೊಂಚಲಿಗೂ ಒಟ್ಟಿಗೆ ಚುಚ್ಚಬಹುದು, ಅವಸರವಿಲ್ಲ ಎಂದರು. ಆದರೆ ಎಡಗಾಲಿಗೆ ಮೊದಲು ಆ ದೊಡ್ಡ ನಾಳದ ವ್ಯವಸ್ಥೆಯಾಗದೆ ಮೇಲಿನ ಗೆರೆಗಳನ್ನು ಮುಟ್ಟುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಶಾಶ್ವತವಾಗಿ ಹೋಗುತ್ತವೆಯೇ ಎಂದು ನಾನು ಕೇಳಿದ್ದಕ್ಕೆ ಆ ವೈದ್ಯರು, "ಚುಚ್ಚಿದವು ಬಹುಪಾಲು ಹೋಗುತ್ತವೆ; ನಾಲ್ಕೈದು ವರ್ಷಕ್ಕೊಮ್ಮೆ ಮತ್ತೆ ನೋಡೋಣ" ಎಂದರು. ಮೊದಲಿನವರೂ ಇಷ್ಟನ್ನೇ ಹೇಳಿದ್ದರೆ ಆಗಲೂ ನಾನು ಒಪ್ಪಿಕೊಳ್ಳುತ್ತಿದ್ದೆ.

ಎಡಗಾಲಿನ ಆ ದೊಡ್ಡ ನಾಳಕ್ಕೆ ಲೇಸರ್ ಮುಂದಿನ ತಿಂಗಳು. ಬಲಗಾಲಿನ ಗೊಂಚಲನ್ನು ಸದ್ಯಕ್ಕೆ ಹಾಗೆಯೇ ಬಿಟ್ಟಿದ್ದೇನೆ. ಎರಡು ಹಾಳೆಗಳಿಗೂ ದಿನಾಂಕ ಬರೆದು, ಸುಕ್ಕಾಗದಂತೆ ಹಳೆಯ ಅಟ್ಲಾಸಿನ ನಡುವೆ ಇಟ್ಟಿದ್ದೇನೆ.

ಹಳೆಯ ನರ್ಸ್

ಮೂರನೆಯ ಹಾಳೆಯನ್ನು ಚಿಕಿತ್ಸೆಯಾದ ಆರು ತಿಂಗಳಿಗೆ ಗುರುತಿಸಿ, ಅದಕ್ಕಿಂತ ಮುಂಚೆ ಬೇಡ. ಕಲೆ ಯಾವುದು, ನಾಳ ಯಾವುದು ಎಂದು ಬೇರ್ಪಡಿಸಲು ಅಲ್ಲಿಯವರೆಗೆ ಕಷ್ಟವಾಗುತ್ತದೆ.